ವ್ಯಾಗನ್‌ಆರ್ ಕಾರಿನ ಕ್ಲಚ್ ಬದಲಾವಣೆ: ಕೊಟ್ಟ ಹಣ, ಬಂದ ಬಾಳಿಕೆ

ನಮ್ಮ 1.0 ಲೀಟರ್ ಪೆಟ್ರೋಲ್ ವ್ಯಾಗನ್‌ಆರ್ ಕಾರಿಗೆ 2023ರ ಬೇಸಿಗೆಯಲ್ಲಿ ಧಾರವಾಡದ ಒಂದು ಖಾಸಗಿ ಗ್ಯಾರೇಜಿನಲ್ಲಿ ಹೊಸ ಕ್ಲಚ್ ಹಾಕಿಸಿದೆವು. ಬಿಡಿಭಾಗ, ಕೂಲಿ, ಗೇರ್ ಆಯಿಲ್ ಎಲ್ಲ ಸೇರಿ ಎಂಟು ಸಾವಿರ ರೂಪಾಯಿಯ ಒಳಗೇ ಮುಗಿಯಿತು. ಆಮೇಲೆ ಕಾರು ಮೂವತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿದೆ, ಅದರಲ್ಲಿ ಬಹುಪಾಲು ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಪಿ.ಬಿ. ರಸ್ತೆಯ ಮೇಲೆ. ಕ್ಲಚ್ ಹಾಕಿಸಿದ ಮೊದಲ ವಾರದಲ್ಲಿ ಯಾರ ಕಾರಾದರೂ ಬೆಣ್ಣೆಯಂತೆಯೇ ನಡೆಯುತ್ತದೆ, ಆದ್ದರಿಂದ ಇಷ್ಟು ಓಡಿಸಿದ ಮೇಲೆಯೇ ಬರೆಯುತ್ತಿದ್ದೇನೆ.

ಹಳೆಯ ಕ್ಲಚ್ ಸವೆದದ್ದು ಮೊದಲು ತಿಳಿದದ್ದು ಅರಬೈಲ್ ಘಟ್ಟದಲ್ಲಿ. ಅಂಕೋಲೆಯಿಂದ ಯಲ್ಲಾಪುರದ ಕಡೆಗೆ ಏರುವಾಗ ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮಾತ್ರ ಏರುತ್ತಿತ್ತು, ವೇಗ ಏರುತ್ತಿರಲಿಲ್ಲ; ಜೊತೆಗೆ ಸುಟ್ಟ ವಾಸನೆ ಬೇರೆ. ಊರಿಗೆ ಬಂದ ಮೇಲೆ ಗ್ಯಾರೇಜಿನವರು ನೇರವಾಗಿ ಗೇರ್‌ಬಾಕ್ಸಿಗೆ ಕೈ ಹಾಕಲಿಲ್ಲ ಎಂಬುದು ನನಗೆ ಹಿಡಿಸಿತು. ಈ ಕಾರಿನ ಕ್ಲಚ್ ಕೇಬಲ್ಲಿನಿಂದ ನಡೆಯುತ್ತದೆ. ಕೇಬಲ್ ತೀರ ಬಿಗಿಯಾಗಿ ಪೆಡಲ್ಲಿನಲ್ಲಿ ಫ್ರೀ ಪ್ಲೇ (ಕ್ಲಚ್ ಹಿಡಿತ ಬಿಡುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ಅಲ್ಪ ಅಂತರ) ಇಲ್ಲದಂತಾದರೆ, ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ಚೆನ್ನಾಗಿದ್ದರೂ ಕ್ಲಚ್ ಜಾರುತ್ತದೆ, ಆಗ ಒಂದು ನಟ್ ತಿರುಗಿಸಿದರೆ ಕೆಲಸ ಮುಗಿಯುತ್ತದೆ. ನಮ್ಮ ಕಾರಿನಲ್ಲಿ ಫ್ರೀ ಪ್ಲೇ ಸರಿಪಡಿಸಿದರೂ ಜಾರುವುದು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರಿಗೆ ಹಾಕಿ, ನಿಧಾನವಾಗಿ ಕ್ಲಚ್ ಬಿಟ್ಟಾಗ ಎಂಜಿನ್ ಬಂದ್ ಬೀಳಬೇಕಿತ್ತು, ಅದು ಸುಮ್ಮನೆ ತಿರುಗುತ್ತಲೇ ಇತ್ತು. ಪ್ಲೇಟ್ ಸವೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳಿದಾಗ ಹತ್ತು ಸಾವಿರ ದಾಟಿದ ಎಸ್ಟಿಮೇಟ್ ಕೊಟ್ಟಿದ್ದರು. ಅದನ್ನು ದುಬಾರಿ ಎಂದು ದೂರುವುದು ಸರಿಯಲ್ಲ, ಏಕೆಂದರೆ ಎರಡು ಕಡೆಯೂ ಬಿಡಿಭಾಗದ ಬೆಲೆಯಲ್ಲಿ ಅಂಥ ಅಂತರವಿರಲಿಲ್ಲ; ವ್ಯತ್ಯಾಸವೆಲ್ಲ ಕೂಲಿ ಮತ್ತು ಅದರ ಮೇಲಿನ ತೆರಿಗೆಯಲ್ಲಿತ್ತು. ಗ್ಯಾರೇಜಿನ ಲೆಕ್ಕದಲ್ಲಿ ಕ್ಲಚ್ ಪ್ಲೇಟ್ ಮತ್ತು ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಸೆಟ್ಟಿಗೆ ನಾಲ್ಕು ಸಾವಿರದ ಹತ್ತಿರ, ಕೂಲಿಗೆ ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯಿತು. ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಹೊಸ ಕೇಬಲ್, ಗೇರ್ ಆಯಿಲ್ ಮೂರೂ ಸೇರಿ ಉಳಿದದ್ದನ್ನು ತಿಂದವು. ಅಂದು ಬಿಡಿಭಾಗಗಳ ಮೇಲೆ 28 ಶೇಕಡಾ ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18 ಶೇಕಡಾ ಆಗಿದೆ, ಆದ್ದರಿಂದ ಈಗ ಹಾಕಿಸುವವರು ಹಳೆಯ ಬಿಲ್ಲುಗಳನ್ನು ನೋಡಿ ಚೌಕಾಸಿ ಮಾಡುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ವಿಮೆಯ ಕಡೆ ನೋಡಿ ಪ್ರಯೋಜನವಿಲ್ಲ, ಬಳಕೆಯಿಂದ ಸವೆದ ಭಾಗಕ್ಕೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ.

ಕೂಲಿ ಎಂದು ನಾವು ಕೊಡುವ ಹಣ ನಿಜವಾಗಿ ಯಾವುದಕ್ಕೆ ಹೋಗುತ್ತದೆ ಎಂಬುದನ್ನು ಅಲ್ಲಿಯೇ ನಿಂತು ನೋಡಿದ್ದರಿಂದ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಪ್ಲೇಟ್ ಬದಲಾಯಿಸುವ ಕೆಲಸ ಅರ್ಧ ಗಂಟೆಯದು, ಆದರೆ ಅಲ್ಲಿಗೆ ತಲುಪಲು ಆಯಿಲ್ ಇಳಿಸಿ, ಎರಡೂ ಕಡೆಯ ಡ್ರೈವ್ ಶಾಫ್ಟ್ ಬಿಚ್ಚಿ, ಎಂಜಿನ್ನಿಗೆ ಕೆಳಗಿನಿಂದ ಆಧಾರ ಕೊಟ್ಟು, ಗೇರ್‌ಬಾಕ್ಸನ್ನೇ ಕೆಳಗಿಳಿಸಬೇಕು. ಪ್ಲೇಟ್ ಒಂದನ್ನೇ ಹಾಕಿ ಸಾವಿರ, ಎರಡು ಸಾವಿರ ಉಳಿಸಿಕೊಡುತ್ತೇವೆ ಎನ್ನುವವರು ಹುಬ್ಬಳ್ಳಿಯಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಪ್ರೆಶರ್ ಪ್ಲೇಟಿನ ಡಯಾಫ್ರಮ್ ಸ್ಪ್ರಿಂಗ್ ಸಡಿಲಾಗಿದ್ದರೆ ಹೊಸ ಪ್ಲೇಟೂ ಜಾರುತ್ತದೆ, ಕೆಲವು ನೂರು ರೂಪಾಯಿಯ ಬೇರಿಂಗ್ ಆರು ತಿಂಗಳಿಗೆ ಕಿರುಗುಟ್ಟಿದರೂ ಅದಕ್ಕಾಗಿ ಗೇರ್‌ಬಾಕ್ಸ್ ಮತ್ತೊಮ್ಮೆ ಇಳಿಯಲೇಬೇಕು. ನಮ್ಮ ಮಿಸ್ತ್ರಿಯ ಮಾತು ಇಷ್ಟೇ ಆಗಿತ್ತು: "ಸರ, ಒಮ್ಮೆ ಇಳಿಸಿದ ಮ್ಯಾಲೆ ಮೂರೂ ಹೊಸಾವ ಹಾಕಿಸಿಬಿಡ್ರಿ. ಇಲ್ಲಂದ್ರ ಮಜೂರಿ ಎರಡ ಸಲ ಕೊಡಬೇಕಾಗ್ತದ ನೋಡ್ರಿ." ಇಷ್ಟು ಹೇಳಿದವರೇ ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ, ಎಂಜಿನ್ನಿನ ಭಾರವಾದ ಚಕ್ರ) ವಿಷಯದಲ್ಲಿ ಮಾತ್ರ ಖರ್ಚು ಬೇಡವೆಂದರು. ಅದರ ಮೇಲೆ ನೀಲಿಗಟ್ಟಿದ ಕಲೆಯಾಗಲಿ ಗೆರೆಯಾಗಲಿ ಇರಲಿಲ್ಲ, ಆದ್ದರಿಂದ ಲೇತ್‌ಗೆ ಕಳಿಸದೆ ಎಮರಿ ಕಾಗದದಿಂದ ಉಜ್ಜಿ ಒರೆಸಿದರು. ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಒಣಗಿಯೇ ಇದ್ದುದರಿಂದ ಅದನ್ನೂ ಮುಟ್ಟಲಿಲ್ಲ. ಬೇಕಾದದ್ದಕ್ಕೆ ಹಣ ಕೇಳಿ, ಬೇಡವಾದದ್ದನ್ನು ಬಿಡುವ ಗ್ಯಾರೇಜು ಕಡಿಮೆ ಕೂಲಿಯ ಗ್ಯಾರೇಜಿಗಿಂತ ಅಗ್ಗ ಎನ್ನುವುದು ನನ್ನ ಲೆಕ್ಕ.

ಇದು ಸಣ್ಣ ಪೆಟ್ರೋಲ್ ಕಾರಿನ ಲೆಕ್ಕ ಎಂಬುದನ್ನು ಮರೆಯಬಾರದು. ಡ್ಯುಯಲ್ ಮಾಸ್ ಫ್ಲೈವೀಲ್ (ನಡುವೆ ಸ್ಪ್ರಿಂಗ್ ಇರುವ ಎರಡು ತುಂಡಿನ ಫ್ಲೈವೀಲ್) ಇರುವ ಡೀಸೆಲ್ ಕಾರುಗಳಲ್ಲಿ ಆ ಫ್ಲೈವೀಲ್ ಕೆಟ್ಟಿದ್ದರೆ ಬಿಲ್ಲು ಇದರ ಹಲವು ಪಟ್ಟು ಆಗುತ್ತದೆ, ಅಂಥ ಕಾರಿನವರು ಇಲ್ಲಿಯ ಅಂಕಿಗಳನ್ನು ಹಿಡಿದು ಗ್ಯಾರೇಜಿನವರೊಂದಿಗೆ ವಾದಿಸಿದರೆ ವ್ಯರ್ಥ.

ಬಾಳಿಕೆಯ ವಿಷಯಕ್ಕೆ ಬಂದರೆ, ಉಣಕಲ್, ನವನಗರ, ಟೋಲ್ ನಾಕಾದ ಸಿಗ್ನಲ್ಲುಗಳಲ್ಲಿ ನಿಂತು ಹೊರಡುವ ಓಡಾಟ ಕ್ಲಚ್ಚಿಗೆ ಹಿತವಾದದ್ದಲ್ಲ. ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸುಗಳಿಗೆ ಪ್ರತ್ಯೇಕ ದಾರಿ ಆದ ಮೇಲೆ ಉಳಿದ ವಾಹನಗಳೆಲ್ಲ ಬದಿಯ ರಸ್ತೆಯಲ್ಲಿಯೇ ಸೇರಿಕೊಳ್ಳುವುದರಿಂದ ಸಂಜೆಯ ಹೊತ್ತು ಅರ್ಧ ಕ್ಲಚ್ಚಿನಲ್ಲಿ, ಅಂದರೆ ಪೆಡಲ್ ಪೂರ್ತಿ ಬಿಡದೆ, ತೆವಳುವುದು ತಪ್ಪುವುದಿಲ್ಲ. ಇಷ್ಟಾದರೂ ಈವರೆಗೆ ಜಾರುವ ಲಕ್ಷಣ ಕಂಡಿಲ್ಲ. ಮಗಳು ಡ್ರೈವಿಂಗ್ ಕಲಿತದ್ದೂ ಇದೇ ಕ್ಲಚ್ಚಿನ ಮೇಲೆ, ಅದನ್ನೂ ಅದು ಸಹಿಸಿಕೊಂಡಿತು. ಕಳೆದ ಮಳೆಗಾಲದಲ್ಲಿ ನವಲಗುಂದದ ಕಡೆ ಹೊಲದ ದಾರಿಯ ಎರೆಮಣ್ಣಿನಲ್ಲಿ ಕಾರು ಹೂತಾಗ ಮಾತ್ರ ನಾನು ಆಕ್ಸಿಲರೇಟರ್ ಒತ್ತುವ ಗೋಜಿಗೆ ಹೋಗದೆ ಟ್ರ್ಯಾಕ್ಟರ್ ಕರೆಸಿದೆ. ಆ ಮಣ್ಣಿನಲ್ಲಿ ಅರ್ಧ ಕ್ಲಚ್ ಹಿಡಿದು ಹಿಂದೆ ಮುಂದೆ ಆಡಿಸಿದರೆ, ವರ್ಷಗಟ್ಟಲೆ ಬಾಳಬೇಕಾದ ಪ್ಲೇಟ್ ಒಂದೇ ಮಧ್ಯಾಹ್ನ ಸುಟ್ಟುಹೋಗಬಹುದು.

ಕೊರತೆಗಳು ಎರಡಿವೆ. ಹೊಸ ಕೇಬಲ್ ಮೊದಲ ಕೆಲವು ತಿಂಗಳಲ್ಲಿ ಹಿಗ್ಗಿದ್ದರಿಂದ ಗೇರ್ ಬೀಳುವುದು ಬಿರುಸಾಯಿತು, ಅದನ್ನು ಗ್ಯಾರೇಜಿನವರು ಹಣ ಪಡೆಯದೆ ಸರಿಪಡಿಸಿಕೊಟ್ಟರು. ಇನ್ನೊಂದು, ಮಳೆಗಾಲದ ಮುಂಜಾನೆ ಕಾರನ್ನು ರಿವರ್ಸ್ ತೆಗೆಯುವಾಗ ಸಣ್ಣದೊಂದು ನಡುಕ ಬರುತ್ತದೆ. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಅದು ಇರುವುದಿಲ್ಲ. ಕಳೆದ ಸರ್ವಿಸಿನಲ್ಲಿ ತೋರಿಸಿದಾಗ, ಬಿಸಿಯಾದ ಮೇಲೂ ನಡುಕ ಉಳಿದರೆ ಅಥವಾ ಕೆಳಗೆ ಆಯಿಲ್ ಹನಿ ಕಂಡರೆ ಮಾತ್ರ ಬನ್ನಿ ಎಂದಿದ್ದಾರೆ. ಇದುವರೆಗೆ ಎರಡೂ ಆಗಿಲ್ಲ.