ಮಾರಿದ ಡೊಮೇನನ್ನು ಕೊಂಡವರ ಕೈಗೆ ಒಪ್ಪಿಸುವುದು: ಒಂದು ರಿಜಿಸ್ಟ್ರಾರ್ ಸೇವೆಯ ಹನ್ನೊಂದು ವರ್ಷದ ಬಳಕೆ

ಕಲಬುರಗಿಯ ದಾಲ್ ಮಿಲ್ಲುಗಳಿಗೆ ಮತ್ತು ಅಡತಿ ಅಂಗಡಿಗಳಿಗೆ ಜಾಲತಾಣ ಮಾಡಿಕೊಡುವುದು ನನ್ನ ಉದ್ಯೋಗ. 2013ರಲ್ಲಿ, ಊರಿನ ಅಧಿಕೃತ ಹೆಸರು ಇನ್ನೂ ಗುಲ್ಬರ್ಗಾ ಎಂದೇ ಇದ್ದಾಗ, ಆ ಹೆಸರನ್ನೂ ತೊಗರಿಬೇಳೆಯನ್ನೂ ಜೋಡಿಸಿದ ಒಂದು ಡಾಟ್ ಕಾಮ್ ಡೊಮೇನನ್ನು, ಅಂದರೆ ಜಾಲತಾಣದ ವಿಳಾಸದ ಹೆಸರನ್ನು, ನನಗಾಗಿಯೇ ಕೊಂಡಿದ್ದೆ. ಮರುವರ್ಷ ನವೆಂಬರ್ 1ರಂದು ಊರು ಕಲಬುರಗಿಯಾಯಿತು. ಆದರೆ ಹೊರ ರಾಜ್ಯದ ವ್ಯಾಪಾರಿಗಳು ಹಳೆಯ ಹೆಸರಿನಲ್ಲಿಯೇ ಬೇಳೆ ಹುಡುಕುತ್ತಿದ್ದರು, 2019ರಲ್ಲಿ ಇಲ್ಲಿಯ ಬೇಳೆಗೆ ಸಿಕ್ಕ ಭೌಗೋಳಿಕ ಸೂಚಕವೂ ಹಳೆಯ ಹೆಸರಿನಲ್ಲಿಯೇ ಇದೆ. ಹೀಗಾಗಿ 2024ರ ಆರಂಭದಲ್ಲಿ ಗಂಜ್ ಎಂಬ ಇಲ್ಲಿಯ ಧಾನ್ಯ ಮಾರುಕಟ್ಟೆಯ ವ್ಯಾಪಾರಿಯೊಬ್ಬರು ಆ ಡೊಮೇನನ್ನು ಕೇಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಅರ್ಧ ಹಣ ಮುಂಗಡ, ಉಳಿದರ್ಧ ಹೆಸರು ಅವರ ಕೈ ಸೇರಿದ ಮೇಲೆ ಎಂದು ಮಾತಾಯಿತು.

ಈ ಹನ್ನೊಂದು ವರ್ಷವೂ ಆ ಹೆಸರು, ಡೊಮೇನುಗಳನ್ನು ನೋಂದಾಯಿಸಿಕೊಡುವ ಒಂದೇ ರಿಜಿಸ್ಟ್ರಾರ್ ಸಂಸ್ಥೆಯಲ್ಲಿತ್ತು. ಇಟ್ಟುಕೊಳ್ಳುವ ಮಟ್ಟಿಗೆ ಅವರ ಸೇವೆಯಲ್ಲಿ ನನಗೆ ಕೊರತೆ ಕಂಡಿಲ್ಲ. ಅವಧಿ ಮುಗಿಯುವ ತಿಂಗಳ ಮುಂಚೆ ಒಮ್ಮೆ, ವಾರದ ಮುಂಚೆ ಇನ್ನೊಮ್ಮೆ ನೆನಪಿನ ಇಮೇಲ್ ತಪ್ಪದೆ ಬರುತ್ತಿತ್ತು. ಒಂದು ವರ್ಷ ನನ್ನ ಬ್ಯಾಂಕ್ ಕಾರ್ಡು ಕೆಲಸ ಮಾಡದೆ ನವೀಕರಣ ತಪ್ಪಿದಾಗಲೂ, ರಿಯಾಯಿತಿ ದಿನಗಳಲ್ಲಿಯೇ ಫೋನ್ ಮಾಡಿ ದಂಡವಿಲ್ಲದೆ ಉಳಿಸಿಕೊಟ್ಟರು. ಹೆಸರನ್ನು ಬೇರೆಯವರಿಗೆ ಒಪ್ಪಿಸುವ ಹೊತ್ತಿಗೆ ಮಾತ್ರ ಅದೇ ಸೇವೆ ನನ್ನನ್ನು ಕಷ್ಟಕ್ಕೆ ಸಿಕ್ಕಿಸಿತು. ಅದರಲ್ಲಿ ನನ್ನ ಅವಸರದ ಪಾಲೂ ಇದೆ.

ಹೊಲ ಮಾರಿದ ಮೇಲೆ ಮೊದಲು ಪಹಣಿಯಲ್ಲಿ ಹೆಸರು ಬದಲಾಗಬೇಕಲ್ಲವೇ ಎಂಬ ರೂಢಿಯಲ್ಲಿ, ಸಂಕ್ರಾಂತಿಯ ಹಿಂದಿನ ವಾರ ನಾನು ಮಾಡಿದ ಮೊದಲ ಕೆಲಸವೆಂದರೆ ನೋಂದಣಿದಾರರ ಜಾಗದಲ್ಲಿ ನನ್ನ ಹೆಸರು ಅಳಿಸಿ ಕೊಂಡವರ ಹೆಸರನ್ನೂ ಇಮೇಲನ್ನೂ ತುಂಬಿದ್ದು. ಇಬ್ಬರಿಗೂ ಒಪ್ಪಿಗೆ ಕೇಳಿ ಇಮೇಲ್ ಬಂತು, ಇಬ್ಬರೂ ಒಪ್ಪಿದೆವು. ಆ ಮೇಲೆ ಹೆಸರನ್ನು ಅವರ ಸ್ವಂತ ರಿಜಿಸ್ಟ್ರಾರ್‌ಗೆ ಕಳಿಸಲು ಹೋದರೆ ಬೀಗದ ಚಿತ್ರ ಬಂದು ನಿಂತಿತು. ಡೊಮೇನುಗಳ ನಿಯಮ ರೂಪಿಸುವ ಐಕ್ಯಾನ್ ಸಂಸ್ಥೆಯ ವರ್ಗಾವಣೆ ನೀತಿಯ ಪ್ರಕಾರ, 2016ರ ಡಿಸೆಂಬರ್‌ನಿಂದ, ನೋಂದಣಿದಾರರ ಹೆಸರಾಗಲಿ ಇಮೇಲಾಗಲಿ ಬದಲಾದರೆ 60 ದಿನ ಆ ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯುವಂತಿಲ್ಲ. ಕದ್ದವನು ಹೆಸರು ಬದಲಿಸಿಕೊಂಡು ತಕ್ಷಣ ಬೇರೆ ಕಡೆ ಸಾಗಿಸದಿರಲಿ ಎಂಬುದೇ ಅದರ ಉದ್ದೇಶ, ಅದು ಸರಿಯಾದದ್ದೇ. ಆದರೆ ಬದಲಾವಣೆಗೆ ಮುಂಚೆಯೇ ಈ ಬೀಗ ಬೇಡವೆಂದು ಹೇಳುವ ಅವಕಾಶವನ್ನು ರಿಜಿಸ್ಟ್ರಾರ್ ಕೊಡಬಹುದು. ನನ್ನ ಸಂಸ್ಥೆ ಅದನ್ನು ಕೊಟ್ಟಿತ್ತು, ಪುಟದ ತೀರ ಕೆಳಗೆ, ಮಾಸಿದ ಬಣ್ಣದ ಸಣ್ಣ ಅಕ್ಷರಗಳಲ್ಲಿ, ಮೊಬೈಲ್ ಪರದೆಯಲ್ಲಿ ಕಾಣದಂತೆ. ಹಣ ಕಟ್ಟುವ ಗುಂಡಿಯನ್ನು ಅಂಗೈಯಗಲ ಮಾಡಲು ಬರುವವರಿಗೆ ಈ ಒಂದು ಸಾಲನ್ನು ಕಾಣುವಂತೆ ಇಡುವುದು ಕಷ್ಟವಾಗಿರಲಾರದು ಎಂಬುದು ನನ್ನ ದೂರು.

ಹೊಸ ತೊಗರಿ ಗಂಜಿಗೆ ಬರುವ ಕಾಲವೇ ಅದು. ಸುಗ್ಗಿಯಲ್ಲಿ ತಾಣ ನಡೆಯದಿದ್ದರೆ ಕೊಂಡವರಿಗೆ ಆ ಹೆಸರಿನಿಂದ ಆ ವರ್ಷ ಏನೂ ಲಾಭವಿಲ್ಲ. ಸಹಾಯವಾಣಿಯನ್ನು ಮೂರು ಸಲ ಕೇಳಿದೆ, ಮೂರು ಸಲವೂ 60 ದಿನ ಕಾಯಿರಿ ಎಂಬ ಒಂದೇ ಉತ್ತರ. ಅಂದರೆ ಶಿವರಾತ್ರಿಯವರೆಗೆ. ನಾನು ಕೊಂಡವರ ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ನನ್ನ ಹೆಸರ ಬರಸೀರಿ ಖರೆ, ಕೀಲಿಕೈ ಇನ್ನಾ ನಿಮ್ಮ ಹತ್ರನೇ ಅದ ಅಲ್ರಿ" ಎಂದರು. ಮಾತು ನೇರವಾಗಿತ್ತು: ನೋಂದಣಿಯಲ್ಲಿ ಅವರ ಹೆಸರಿದ್ದರೂ ಡೊಮೇನ್ ನನ್ನ ಖಾತೆಯಲ್ಲಿತ್ತು, ನಾನು ಬಯಸಿದರೆ ತಾಣವನ್ನು ಆ ಕ್ಷಣ ನಿಲ್ಲಿಸಬಹುದಿತ್ತು.

ದಾರಿ ಸಿಕ್ಕಿದ್ದು ಅವರ ಆ ಮಾತಿನಿಂದಲೇ. ಬೀಗ ಇರುವುದು ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಂದಕ್ಕೆ ಹೋಗುವುದಕ್ಕೆ. ಅದೇ ರಿಜಿಸ್ಟ್ರಾರ್‌ನ ಒಂದು ಖಾತೆಯಿಂದ ಇನ್ನೊಂದು ಖಾತೆಗೆ ಹೋಗುವುದಕ್ಕೆ ಆ ನೀತಿಯ ತಡೆಯಿಲ್ಲ. ಇದಕ್ಕೆ ಈ ವ್ಯವಹಾರದಲ್ಲಿ 'ಪುಶ್' ಎನ್ನುತ್ತಾರೆ. ನಾಲ್ಕನೆಯ ಸಲ ಸಹಾಯವಾಣಿಗೆ ಆ ಪದವನ್ನೇ ಹಿಡಿದು ಕೇಳಿದಾಗ, ಆಗುತ್ತದೆ ಎಂದರು. ಗಾದಿಯ ಮೇಲೆಯೇ ಅವರ ಹೆಸರಿನಲ್ಲಿ ಅಲ್ಲೊಂದು ಉಚಿತ ಖಾತೆ ತೆರೆದೆವು, ನಾನು ಅವರ ಗ್ರಾಹಕ ಸಂಖ್ಯೆ ತುಂಬಿದೆ, ಅವರು ಒಪ್ಪಿಗೆ ಒತ್ತಿದರು, ಚಹಾ ಆರುವ ಮುಂಚೆ ಹೆಸರು ನನ್ನ ಪಟ್ಟಿಯಿಂದ ಹೋಗಿ ಅವರ ಪಟ್ಟಿಯಲ್ಲಿ ಕಂಡಿತು. ಉಳಿದ ಹಣವನ್ನು ಅವರು ಆಗಲೇ ಹಾಕಿದರು. ಕೇಳಿದ ಮೊದಲ ದಿನವೇ ಇದನ್ನು ಹೇಳದಿದ್ದುದು ಈ ಸೇವೆಯ ಮೇಲೆ ನನಗಿರುವ ಅತಿ ದೊಡ್ಡ ಅಸಮಾಧಾನ.

ಹೆಸರು ಬಿಟ್ಟುಕೊಡುವ ಮುನ್ನ ನಾನು ಸರಿಯಾಗಿ ಮಾಡಿದ ಕೆಲಸವೊಂದಿದೆ, ಮಾರುವವರೆಲ್ಲರೂ ಇದನ್ನು ಮಾಡಲೇಬೇಕು ಎಂದು ನನ್ನ ಒತ್ತಾಯ. ಆ ಡೊಮೇನಿನಲ್ಲಿ ನನ್ನದೊಂದು ಇಮೇಲ್ ವಿಳಾಸವಿತ್ತು. ಬ್ಯಾಂಕು, ಜಿಎಸ್‌ಟಿ, ವಿದ್ಯುತ್ ಬಿಲ್ಲು, ಹಳೆಯ ಗ್ರಾಹಕರು ಎಲ್ಲವೂ ಅದಕ್ಕೇ ಅಂಟಿಕೊಂಡಿದ್ದವು. ಡೊಮೇನ್ ಕೈ ಬದಲಾದ ಗಳಿಗೆಯಿಂದ ಅಲ್ಲಿಗೆ ಬರುವ ಪತ್ರಗಳನ್ನೂ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಗಳನ್ನೂ ಹೊಸ ಒಡೆಯರು ಪಡೆಯಬಹುದು. ಕೊಂಡವರು ಎಷ್ಟೇ ಸಜ್ಜನರಿರಲಿ, ಅದು ಅವರ ಕೈಗೆ ಹೋಗಬೇಕಾದದ್ದಲ್ಲ. ಒಂದೊಂದನ್ನೇ ಹುಡುಕಿ ಬದಲಿಸಲು ನನಗೆ ಎರಡು ಭಾನುವಾರ ಬೇಕಾದವು.

ಶಿವರಾತ್ರಿ ಕಳೆದ ಮೇಲೆ ಅವರು ಹೆಸರನ್ನು ತಮ್ಮ ಇತರ ಹೆಸರುಗಳಿದ್ದ ರಿಜಿಸ್ಟ್ರಾರ್‌ಗೆ ಒಯ್ದರು, ನಾನು ಜೊತೆಗಿದ್ದೆ. ಬೀಗ ತೆಗೆದು, ಆಥ್ ಕೋಡ್ ಎಂಬ ಗುಪ್ತಾಕ್ಷರಗಳನ್ನು ಪಡೆದು, ಹೊಸ ಕಡೆ ಕೊಡಬೇಕು. ಅವರ ಲೆಕ್ಕಿಗರು ಅದನ್ನು ಫೋನಿನಲ್ಲಿ ಓದಿಸಿಕೊಂಡು ಬರೆದು ತುಂಬಿದಾಗ ಎರಡು ಸಲ ತಿರಸ್ಕೃತವಾಯಿತು. ಸೊನ್ನೆಯನ್ನು 'ಓ' ಅಕ್ಷರವೆಂದು ಬರೆದಿದ್ದರು. ನಕಲಿಸಿ ಅಂಟಿಸಿದೊಡನೆ ಹೋಯಿತು. ಹಳೆಯ ಸಂಸ್ಥೆ ಕೈಬಿಡಲು ಐದು ದಿನ ತೆಗೆದುಕೊಂಡಿತು, ನಿಯಮದಲ್ಲಿರುವ ಪೂರ್ತಿ ಅವಧಿ ಅಷ್ಟೇ. ವರ್ಗಾವಣೆಯ ಶುಲ್ಕದಲ್ಲಿ ಡೊಮೇನಿನ ಅವಧಿಗೆ ಒಂದು ವರ್ಷ ಸೇರಿದ್ದರಿಂದ ಅವರಿಗೆ ನಷ್ಟವಾಗಲಿಲ್ಲ.

ಆ ಐದು ದಿನಗಳಿಗೆ ಮುಂಚೆ, ಹೆಸರು ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಡಿಎನ್ಎಸ್ ದಾಖಲೆಗಳೆಲ್ಲವನ್ನೂ, ಮುಖ್ಯವಾಗಿ ಇಮೇಲ್ ಎಲ್ಲಿಗೆ ತಲುಪಬೇಕೆಂದು ಹೇಳುವ ಎಂಎಕ್ಸ್ ಸಾಲುಗಳನ್ನು, ಹೊಸ ಕಡೆ ಬರೆದಿಟ್ಟುಕೊಂಡು, ಆ ದಾಖಲೆಗಳನ್ನು ಇಟ್ಟುಕೊಳ್ಳುವ ನೇಮ್ ಸರ್ವರ್ ಬದಲಿಸಿದ್ದೆವು. ಹೆಸರು ಹೊರಗೆ ಹೋದರೆ ತನ್ನ ಉಚಿತ ಡಿಎನ್ಎಸ್ ನಿಲ್ಲುತ್ತದೆ ಎಂಬುದನ್ನು ಹಳೆಯ ಸಂಸ್ಥೆ ಎಲ್ಲಿಯೂ ಎಚ್ಚರಿಸಿರಲಿಲ್ಲ. ಆ ಮುಂಜಾಗ್ರತೆ ಇಲ್ಲದಿದ್ದರೆ ಹೈದರಾಬಾದು, ಸೊಲ್ಲಾಪುರಗಳಿಂದ ಬರುವ ಬೇಳೆಯ ಆರ್ಡರುಗಳು ನಡುವೆಯೇ ಕಳೆದುಹೋಗುತ್ತಿದ್ದವು.

ನನ್ನ ಇನ್ನೊಂದು ಡೊಮೇನ್ ಈಗಲೂ ಅದೇ ಸಂಸ್ಥೆಯಲ್ಲಿದೆ, ಮುಂದೆಯೂ ಅಲ್ಲೇ ನವೀಕರಿಸುತ್ತೇನೆ. ಅದನ್ನು ಕೇಳಿಕೊಂಡು ಯಾರಾದರೂ ಬಂದರೆ, ಮೊದಲು ಅವರಿಗೆ ಅಲ್ಲೊಂದು ಖಾತೆ ತೆರೆಸಿ ಪುಶ್ ಮಾಡುತ್ತೇನೆ. ನೋಂದಣಿಯ ಹೆಸರನ್ನು ಆ ಮೇಲೆ ಅವರೇ, ಪುಟದ ಕೆಳತುದಿಯವರೆಗೆ ಓದಿ, ಬದಲಿಸಿಕೊಳ್ಳಲಿ.