ರೂಟರ್ ಚೆನ್ನಾಗಿದೆ, ಆದರೆ ಹಾಕಿದ ದಿನವೇ ನೆಟ್ ಬರುತ್ತದೆ ಅಂದುಕೊಳ್ಳಬೇಡಿ

ಎರಡು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡರಲ್ಲೂ ನಡೆಯುವ) ವೈಫೈ ರೂಟರ್ ಇದು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಈ ಬೆಲೆಗೆ ಯಾವ ಡಬ್ಬ ತಂದರೂ ತಲೆನೋವು ಹೆಚ್ಚುಕಡಿಮೆ ಇದೇ. ರೂಟರ್ ಒಳ್ಳೆಯದು, ವಾಪಸ್ ಕಳಿಸುವಂಥದ್ದಲ್ಲ. ಇದಕ್ಕೆ ಒಂದೇ ಸ್ಟಾರ್ ಕೊಟ್ಟು "ಡಬ್ಬಾ ಪೀಸ್, ನೆಟ್ ಕನೆಕ್ಟ್ ಆಗಲ್ಲ" ಎಂದು ಬೈದವರು ಸುಮಾರು ಜನ ಇದ್ದಾರೆ. ಅವರಲ್ಲಿ ತುಂಬಾ ಜನರ ಪೀಸ್ ಕೆಟ್ಟಿರಲಿಲ್ಲ ಅಂತ ನನ್ನ ಅನುಮಾನ. ತೊಂದರೆ ಇರುವುದು ರೂಟರ್‌ಗೂ ನೆಟ್ ಕೊಡುವವರಿಗೂ ನಡುವೆ. ಅದನ್ನು ರೂಟರ್ ಕಂಪನಿಯವರೂ ಹೇಳಲ್ಲ, ನೆಟ್‌ನವರೂ ಹೇಳಲ್ಲ.

ನಮ್ಮದು ಹಾಸನ. ಮಳೆ ಶುರುವಾಗುವ ಹೊತ್ತಿಗೆ ಬಂದ ಒಂದು ಸಿಡಿಲಿಗೆ ಹಳೇ ರೂಟರ್ ಹೋಯಿತು, ಪುಣ್ಯಕ್ಕೆ ಫೈಬರ್ ಮೋಡೆಮ್ (ಫೈಬರ್‌ನಲ್ಲಿ ಬರುವ ಬೆಳಕನ್ನು ನೆಟ್ ಮಾಡಿ ರೂಟರ್‌ಗೆ ಕೊಡುವ ಡಬ್ಬ) ಉಳಿಯಿತು. ಹೊಸ ರೂಟರ್ ತಂದು ಅದೇ ಕೇಬಲ್ ಚುಚ್ಚಿದರೆ ವೈಫೈ ಹೆಸರು ಬರುತ್ತದೆ, ಫೋನ್ ಕನೆಕ್ಟ್ ಆಗುತ್ತದೆ, ಆದರೆ ನೆಟ್ ಇಲ್ಲ. ರೂಟರ್ ಮೇಲೆ ಒಂದು ಕಿತ್ತಳೆ ದೀಪ. ಜೊತೆಗೆ ಕೊಟ್ಟ ಚೀಟಿಯಲ್ಲಿ ಕಿತ್ತಳೆ ಅಂದರೆ "ಇಂಟರ್ನೆಟ್ ಇಲ್ಲ" ಅಂತ ಅರ್ಥ ಬರೆದಿದ್ದಾರೆ. ಅದು ನಮಗೂ ಗೊತ್ತು ಸ್ವಾಮಿ, ಯಾಕಿಲ್ಲ ಅಂತ ಹೇಳಿ!

ಇನ್ನು ರೂಟರ್ ಕಂಪನಿಯವರ ಆ್ಯಪ್. ಅದನ್ನು ತೆರೆದು ರೂಟರ್‌ನ ವೈಫೈಗೆ ಸೇರಿಕೊಳ್ಳಿ ಅನ್ನುತ್ತದೆ. ಸೇರಿಕೊಂಡರೆ, ಈ ವೈಫೈಯಲ್ಲಿ ನೆಟ್ ಇಲ್ಲ ಅಂತ ಫೋನ್‌ಗೆ ಗೊತ್ತಾಗಿ, ಅದು ತಾನೇ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಹಾರುತ್ತದೆ, ಆಗ ಆ್ಯಪ್ "ರೂಟರ್ ಸಿಗುತ್ತಿಲ್ಲ" ಅನ್ನುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿದರೆ ಸರಿ ಹೋಗುತ್ತದೆ. ಚೀಟಿಯಲ್ಲಿ ಇದಕ್ಕೆ ಒಂದು ಸಾಲು ಸಾಕಿತ್ತು, ಅದೂ ಇಲ್ಲ. ನನ್ನ ಸಲಹೆ, ಆ್ಯಪ್ ಬಿಟ್ಟುಬಿಡಿ. ಬ್ರೌಸರ್‌ನಲ್ಲಿ 192.168.0.1 ಅಥವಾ 192.168.1.1 ಹೊಡೆದು ರೂಟರ್‌ನ ಸೆಟ್ಟಿಂಗ್ ಪೇಜ್ ಒಳಗೆ ಹೋಗಿ. ಯಾವುದು ಅನ್ನುವುದು ರೂಟರ್‌ನ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ.

ಒಳಗೆ ಹೋಗುವ ಮುಂಚೆ ಮೋಡೆಮ್ ದೀಪ ನೋಡಿ. ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ದೀಪ ಮಿಣುಕುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ತುಂಡಾಗಿದೆ, ಇಲ್ಲವೇ ಬಾಗಿಲ ಸಂದಿಯಲ್ಲಿ ಸಿಕ್ಕಿ ಮಡಚಿದೆ. ಆಗ ರೂಟರ್ ಮುಟ್ಟಿ ಪ್ರಯೋಜನವಿಲ್ಲ, ಆಪರೇಟರ್‌ಗೆ ಫೋನ್ ಮಾಡಿ. ಪಿಒಎನ್ ಅಂತ ಬರೆದಿರುವ ದೀಪ ಮಿಣುಕದೆ ಹಸಿರಾಗಿದ್ದರೆ ಲೈನ್ ಸರಿ ಇದೆ. ಮೋಡೆಮ್‌ನಿಂದ ಬರುವ ಕೇಬಲ್ ರೂಟರ್‌ನ ವ್ಯಾನ್ ಪೋರ್ಟ್‌ಗೇ (ಹೊರಗಿನ ನೆಟ್ ಒಳಬರುವ ಜಾಗ) ಹೋಗಿದೆಯಾ ಅಂತಲೂ ನೋಡಿ. ಸಾಮಾನ್ಯವಾಗಿ ಅದಕ್ಕೆ ಬೇರೆ ಬಣ್ಣ ಇರುತ್ತದೆ. ಈ ರೂಟರ್‌ನಲ್ಲಿ ಐದೂ ಪೋರ್ಟ್ ಕಪ್ಪು, ಅಕ್ಷರ ಸಾಸಿವೆಯಷ್ಟು. ಇದನ್ನು ಡಿಸೈನ್ ಮಾಡಿದವರಿಗೆ ಚಾಳೀಸು ಬಂದಿರಲಿಕ್ಕಿಲ್ಲ.

ಈಗ ನಿಜವಾದ ವಿಷಯ. ರೂಟರ್ ಪೇಜ್‌ನಲ್ಲಿ ಸ್ಟೇಟಸ್ ಅಂತ ಇರುತ್ತದೆ, ಅದರಲ್ಲಿ ವ್ಯಾನ್ ಐಪಿ, ಅಂದರೆ ಮೋಡೆಮ್ ಕಡೆಯಿಂದ ರೂಟರ್‌ಗೆ ಸಿಕ್ಕ ವಿಳಾಸ. ಆ ಒಂದು ನಂಬರ್ ನೋಡಿದರೆ ತಪ್ಪು ಯಾರ ಕಡೆಗಿದೆ ಅಂತ ಹೇಳಬಹುದು. 0.0.0.0 ಇದ್ದರೆ ಆ ಕಡೆಯಿಂದ ರೂಟರ್‌ಗೆ ಏನೂ ಸಿಕ್ಕಿಲ್ಲ. 192.168 ಅಂತ ಶುರುವಾದರೆ ನಿಮ್ಮ ಮೋಡೆಮ್ಮೇ ಒಂದು ರೂಟರ್ ಆಗಿ ಕೂತಿದೆ, ಇದು ಅದರ ಹಿಂದೆ ಇದೆ. ಹಾಗಿದ್ದರೂ ನೆಟ್ ಬರಬೇಕು. ಆದರೆ ಎರಡೂ ತಮ್ಮ ವಿಳಾಸ 192.168.1.1 ಅಂತಲೇ ಇಟ್ಟುಕೊಂಡಿದ್ದರೆ ಜಗಳ. ಹೊಸ ರೂಟರ್‌ನ ಲ್ಯಾನ್ ಐಪಿಯನ್ನು (ಮನೆಯೊಳಗಿನ ವಿಳಾಸ) 192.168.5.1 ಅಂತ ಬದಲಿಸಿ, ಮುಗಿಯಿತು. 100.64ರಿಂದ 100.127ರ ಒಳಗಿನ ನಂಬರ್ ಇದ್ದರೆ ಗಾಬರಿ ಬೇಡ. ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗೆ ಹಂಚುವಾಗ ನೆಟ್‌ನವರು ಕೊಡುವ ವಿಳಾಸ ಅದು, ಅಂದರೆ ಲೈನ್ ಬಂದಿದೆ. ಆದರೂ ಸೈಟ್ ತೆರೆಯದಿದ್ದರೆ ಡಿಎನ್‌ಎಸ್ (ಸೈಟ್‌ನ ಹೆಸರಿಗೆ ಅದರ ಐಪಿ ಹುಡುಕಿಕೊಡುವ ಸರ್ವರ್) ಜಾಗದಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿ. ಕೆಲವು ಸೈಟ್ ಬಂದು ಕೆಲವು ಸುಮ್ನೆ ಸುತ್ತುತ್ತಲೇ ಇದ್ದರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) ಎಷ್ಟಿದೆ ಅಂತ ನೋಡಿ. ಯೂಸರ್ ನೇಮ್ ಹಾಕಿ ಲಾಗಿನ್ ಆಗುವ ಪಿಪಿಪಿಒಇ ಲೈನ್‌ಗಳಲ್ಲಿ 1500ರಲ್ಲಿ 8 ಬೈಟ್ ಆ ಲಾಗಿನ್ ಪದ್ಧತಿಗೇ ಹೋಗುತ್ತದೆ, ಉಳಿಯುವುದು 1492, ಅದನ್ನೇ ಹಾಕಿ.

ನಮ್ಮದು 0.0.0.0. ಊರಿನ ಕೇಬಲ್ ಆಪರೇಟರ್‌ಗಳು ಕೊಡುವ ನೆಟ್‌ನಲ್ಲಿ ಈ ಪಿಪಿಪಿಒಇ ಜಾಸ್ತಿ. ಇದಕ್ಕೆ ಯೂಸರ್ ನೇಮ್, ಪಾಸ್‌ವರ್ಡ್ ಬೇಕು. ಈ ರೂಟರ್ ಬರುವಾಗಲೇ "ಡೈನಾಮಿಕ್ ಐಪಿ" (ಹೆಸರು, ಪಾಸ್‌ವರ್ಡ್ ಇಲ್ಲದೆ ತಾನಾಗಿ ವಿಳಾಸ ಪಡೆಯುವ ವಿಧಾನ) ಅಂತ ಸೆಟ್ ಆಗಿ ಬರುತ್ತದೆ, ಅದರಲ್ಲಿ ನೀವು ವರ್ಷಗಟ್ಟಲೆ ಕಾದರೂ ದೀಪ ಹಸಿರಾಗಲ್ಲ. ಪಿಪಿಪಿಒಇ ಆರಿಸಿ, ಆಪರೇಟರ್ ಹತ್ತಿರ ಕೇಳಿ ಪಡೆದ ಹೆಸರು, ಪಾಸ್‌ವರ್ಡ್ ಹಾಕಿದ ಮೇಲೂ ಅಥೆಂಟಿಕೇಶನ್ ಫೇಲ್, ಅಂದರೆ ಲಾಗಿನ್ ಒಪ್ಪಲಿಲ್ಲ ಅಂತ ಬಂತು.

ಇಲ್ಲಿಂದ ಶುರು ನೋಡಿ ಫುಟ್‌ಬಾಲ್. ರೂಟರ್ ಕಂಪನಿ ಕಸ್ಟಮರ್ ಕೇರ್‌ನವರು ಮರ್ಯಾದೆಯಿಂದಲೇ ಮಾತಾಡಿದರು, ರೀಸೆಟ್ ಮಾಡಿ ಅಂದರು, ಆಮೇಲೆ "ನಿಮ್ಮ ಇಂಟರ್ನೆಟ್‌ನವರನ್ನು ಕೇಳಿ" ಅಂದರು. ಇಂಟರ್ನೆಟ್‌ನವರ ಸಹಾಯವಾಣಿ "ನಮ್ಮ ಕಡೆಯಿಂದ ಲೈನ್ ಆಕ್ಟಿವ್ ಇದೆ, ನಿಮ್ಮ ರೂಟರ್ ಪ್ರಾಬ್ಲಂ" ಎಂದು ಕಂಪ್ಲೇಂಟ್ ನಂಬರ್ ಕೊಟ್ಟು ಇಟ್ಟರು. ಹಳೇ ರೂಟರ್ ಬದಲಾಗಿದೆಯಾ ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು.

ಕೊನೆಗೆ ಬಿಲ್ ವಸೂಲಿಗೆ ಬರುವ ಹುಡುಗನಿಗೆ ಫೋನ್ ಮಾಡಿದೆ. "ಅಣ್ಣಾ, ರೂಟರ್ ಚೇಂಜ್ ಮಾಡಿದ್ರಾ? ಹಂಗಾದ್ರೆ ಮ್ಯಾಕ್ ಲಾಕ್ ಆಗಿರುತ್ತೆ, ಕೆಳಗಿನ ಸ್ಟಿಕ್ಕರ್ ಫೋಟೋ ವಾಟ್ಸಾಪ್ ಮಾಡಿ" ಅಂದ. ಪ್ರತಿಯೊಂದು ರೂಟರ್‌ಗೂ ಕಾರ್ಖಾನೆಯಲ್ಲೇ ಹನ್ನೆರಡು ಅಂಕಿ-ಅಕ್ಷರಗಳ ಒಂದು ಗುರುತು ಕೊಟ್ಟಿರುತ್ತಾರೆ, ಅದೇ ಮ್ಯಾಕ್ ಅಡ್ರೆಸ್. ನಮ್ಮ ಅಕೌಂಟನ್ನು ಆ ಸುಟ್ಟ ರೂಟರ್‌ನ ಮ್ಯಾಕ್‌ಗೆ ಕಟ್ಟಿಹಾಕಿದ್ದರು. ಪಾಸ್‌ವರ್ಡ್ ಸರಿಯಿದ್ದರೂ ಗುರುತು ಬೇರೆ, ಹಾಗಾಗಿ ಸರ್ವರ್ ಒಳಗೆ ಬಿಡಲಿಲ್ಲ. ಹುಡುಗ ಆಫೀಸಿಗೆ ಹೇಳಿ ಹಳೇದನ್ನು ಬಿಡಿಸಿದ. ಮೋಡೆಮ್, ರೂಟರ್ ಎರಡನ್ನೂ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಮೊದಲು ಮೋಡೆಮ್, ಆಮೇಲೆ ರೂಟರ್ ಹಾಕಿ ಅಂದ. ಈ ಕಾಯುವುದು ಸುಮ್ನೆ ಅಲ್ಲ. ಹಿಂದಿನ ಲಾಗಿನ್ ಸರ್ವರ್‌ನಲ್ಲಿ ಇನ್ನೂ ತೆರೆದೇ ಇದ್ದರೆ, ಅದು ಮುಚ್ಚುವವರೆಗೆ ಕೆಲವರ ಕಡೆ ಹೊಸ ಲಾಗಿನ್ ತೆಗೆದುಕೊಳ್ಳುವುದಿಲ್ಲ. ಹಾಕಿದೆ, ದೀಪ ಹಸಿರಾಯಿತು.

ಆಫೀಸ್ ಮುಚ್ಚಿರುವ ಭಾನುವಾರ ಹೀಗಾದರೆ ಇನ್ನೊಂದು ದಾರಿ ಇದೆ. ಈ ರೂಟರ್‌ನಲ್ಲಿ ಮ್ಯಾಕ್ ಕ್ಲೋನ್ ಅಂತ ಒಂದು ಆಯ್ಕೆ ಇದೆ. ಅದರಲ್ಲಿ ಹಳೇ ರೂಟರ್‌ನ ಮ್ಯಾಕ್ ಬರೆದರೆ ಹೊಸದು ಹಳೇದರ ಹೆಸರಲ್ಲೇ ಒಳಗೆ ಹೋಗುತ್ತದೆ. ಸ್ಟಿಕ್ಕರ್‌ನ ನಂಬರ್ ಕೆಲಸ ಮಾಡದಿದ್ದರೆ ಕೊನೆಯ ಅಂಕಿಗೆ ಒಂದು ಕೂಡಿಸಿ ನೋಡಿ, ಎಷ್ಟೋ ರೂಟರ್‌ಗಳಲ್ಲಿ ವ್ಯಾನ್ ಪೋರ್ಟ್‌ನ ಮ್ಯಾಕ್ ಹಾಗೆ ಇರುತ್ತದೆ. ಹಾಗಾಗಿ ಹಳೇ ರೂಟರ್ ಕೆಟ್ಟರೂ ಗುಜರಿಗೆ ಹಾಕುವ ಮುಂಚೆ ಅದರ ಸ್ಟಿಕ್ಕರ್ ಫೋಟೋ ತೆಗೆದುಕೊಳ್ಳಿ.

ನೆಟ್ ಬಂದ ಮೇಲೆ ರೂಟರ್ ಬಗ್ಗೆ ದೂರು ಕಡಿಮೆ. ಡಬ್ಬದ ಮೇಲೆ ಎಸಿ1200 ಅಂತ ದೊಡ್ಡದಾಗಿ ಇದೆ. ಅದು 2.4 ಗಿಗಾಹರ್ಟ್ಸ್‌ನ 300 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನ 867 ಎಂಬಿಪಿಎಸ್ ಕೂಡಿಸಿ, ಮೇಲಕ್ಕೆ ಎಳೆದು ಮಾಡಿದ ಲೆಕ್ಕ. ನಿಮ್ಮ ಒಂದು ಫೋನ್‌ಗೆ 1200 ಎಂದೂ ಸಿಗಲ್ಲ. ಅದಕ್ಕಿಂತ ಮುಖ್ಯ, ಪೋರ್ಟ್ ಗಿಗಾಬಿಟ್ಟಾ (1000 ಎಂಬಿಪಿಎಸ್‌ದಾ) ಅಂತ ಕೇಳಿ ಕೊಳ್ಳಿ. ನೋಡಲು ಹೀಗೇ ಇರುವ, ಕೆಲವು ನೂರು ರೂಪಾಯಿ ಅಗ್ಗದ ಮಾಡೆಲ್‌ಗಳಲ್ಲಿ 10/100 ಪೋರ್ಟ್ (ಹೆಚ್ಚೆಂದರೆ 100 ಎಂಬಿಪಿಎಸ್) ಇರುತ್ತದೆ. 200 ಎಂಬಿಪಿಎಸ್ ಪ್ಲಾನ್ ಇಟ್ಟುಕೊಂಡು ಅದನ್ನು ತಂದರೆ 95ರ ಹತ್ತಿರ ನಿಂತುಬಿಡುತ್ತದೆ. ಇದರಲ್ಲಿ ಗಿಗಾಬಿಟ್ ಇದೆ, ದುಡ್ಡಿಗೆ ಮೋಸವಿಲ್ಲ. ನಮ್ಮ ಅಡುಗೆಮನೆ ಎರಡು ಗೋಡೆ ಆಚೆ, ಅಲ್ಲಿ 5 ಗಿಗಾಹರ್ಟ್ಸ್ ಸೋಲುತ್ತದೆ, 2.4 ತಲುಪುತ್ತದೆ. ಇದು ಈ ರೂಟರ್ ದೋಷವಲ್ಲ, ಎಲ್ಲದರಲ್ಲೂ ಹಾಗೆಯೇ.

ಅಡಾಪ್ಟರ್ 12 ವೋಲ್ಟ್‌ದು, ಅಂಗಡಿಯಲ್ಲಿ ಸಿಗುವ ಸಣ್ಣ ರೂಟರ್ ಯುಪಿಎಸ್‌ಗೆ ಹೊಂದುತ್ತದೆ. ಕೊಳ್ಳುವಾಗ ಎರಡು ಔಟ್‌ಪುಟ್ ಇರುವುದನ್ನೇ ನೋಡಿ. ರೂಟರ್‌ಗೆ ಮಾತ್ರ ಕೊಟ್ಟರೆ ಕರೆಂಟ್ ಹೋದಾಗ ಮೋಡೆಮ್ ಮಲಗುತ್ತದೆ, ಮತ್ತೆ ಅದೇ ಕಿತ್ತಳೆ ದೀಪ.

ರೂಟರ್‌ಗೆ ಐದಕ್ಕೆ ನಾಲ್ಕು, ಆ ಚೀಟಿಗೆ ಮತ್ತು ಆ್ಯಪ್‌ಗೆ ಒಂದು. ಸಹಾಯವಾಣಿಗಳಿಗೆ ಕೊಡುವ ಸ್ಟಾರ್ ಎಲ್ಲಾ ಆ ಬಿಲ್ ವಸೂಲಿ ಹುಡುಗನಿಗೇ ಹೋಗಲಿ.