ಮಣ್ಣಷ್ಟೇ ಅಲ್ಲ, ಸೊಪ್ಪನ್ನೂ ಟೆಸ್ಟ್‌ಗೆ ಕೊಡಿ (ಹೆವಿ ಮೆಟಲ್ ಲ್ಯಾಬ್, 4 ಸ್ಟಾರ್)

ನಮ್ದು ಬೈರಮಂಗಲ ಕಡೆ ಒಂದೂವರೆ ಎಕರೆ, ಕೆರೆಗೆ ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತು ತರೋ ವೃಷಭಾವತಿ ನದಿ ನೀರು ಬರೋದು ಎಲ್ರಿಗೂ ಗೊತ್ತಿರೋದೇ. ಹೋದ ಬೇಸಿಗೇಲಿ ಆ ಕೆರೆ ಗೋಡು (ಹೂಳು) ಹೊಲಕ್ಕೆ ಹೊಡೆಸಿದ್ವಿ, ಆಮೇಲೆ ಹಾಕಿದ ಪಾಲಕ್ಕು ದಂಟು ಎಷ್ಟು ಚೆನ್ನಾಗಿ ಬಂತು ಅಂದ್ರೆ ಅಂಗೈ ಅಗಲ ಎಲೆ, ಒಂದು ಹಳದಿ ಬಿದ್ದಿಲ್ಲ. ಮನೇಲಿ ತಂಗಿ ಮಗು ಇದೆ, ಅದಕ್ಕೂ ಅದೇ ಸೊಪ್ಪಿನ ಸಾರು, ಯಾಕೋ ಮನಸ್ಸು ತಡೀಲಿಲ್ಲ, ಮಣ್ಣು ತಗೊಂಡು ಈ ಲ್ಯಾಬ್‌ಗೆ ಹೋದೆ.

ಒಂದು ವಿಷ್ಯ ತಿಳ್ಕೊಳ್ಳಿ, ಮಾಮೂಲಿ ಮಣ್ಣು ಆರೋಗ್ಯ ಕಾರ್ಡಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಪಿಎಚ್, ಸತು, ಕಬ್ಬಿಣ ಇಂಥವು ಬರ್ತವೆ, ಕ್ಯಾಡ್ಮಿಯಂ, ಸೀಸದಂಥ ವಿಷ ಲೋಹಗಳು (ಹೆವಿ ಮೆಟಲ್) ಬರಲ್ಲ. ಬೇರೆ ಕೇಳಿ ಮಾಡಿಸ್ಬೇಕು.

ಕೌಂಟರಲ್ಲಿದ್ದ ಮೇಡಂ ನಾನು ಬರೀ ಮಣ್ಣು ತಂದಿದ್ದು ನೋಡಿ ಸೊಪ್ಪೂ ತನ್ನಿ ಸರ್ ಅಂದ್ರು. ಗಿಡ ಅಷ್ಟು ಚೆನ್ನಾಗಿದೆಯಲ್ಲ ಮೇಡಂ ಅಂದೆ. "ಚೆನ್ನಾಗಿದೆ ಅಂದ್ರೆ ಗಿಡಕ್ಕೆ ವಿಷ ತಟ್ಟಿಲ್ಲ ಅಂತ ಅಷ್ಟೇ ಸರ್, ಒಳಗಿಲ್ಲ ಅಂತಲ್ಲ" ಅಂದ್ಬಿಟ್ಟು ಪೇಪರ್ ಮೇಲೆ ಬರ್ದು ತೋರಿಸಿದ್ರು, ನಾನು 4 ಸ್ಟಾರ್ ಕೊಡ್ತಿರೋದೇ ಆ ಇಪ್ಪತ್ತು ನಿಮಿಷಕ್ಕೆ.

ಗಿಡಕ್ಕೆ ಕ್ಯಾಡ್ಮಿಯಂ ಬೇಕಿಲ್ಲ, ಆದ್ರೆ ಕಬ್ಬಿಣ ಮ್ಯಾಂಗನೀಸ್ ಎಳ್ಕೊಳ್ಳೋಕೆ ಬೇರಲ್ಲಿ ಇರೋ ಬಾಗಿಲಲ್ಲೇ ಅದೂ ನುಗ್ಗುತ್ತೆ. ಒಳಗೆ ಬಂದ ತಕ್ಷಣ ಪಿಸಿಎಸ್ ಅನ್ನೋ ಜೀನಿಂದ ಆಗೋ ಎನ್‌ಜೈಮ್ ಎಚ್ಚೆತ್ತು ಗ್ಲುಟಾಥಯೋನ್ ತುಣುಕುಗಳನ್ನ ಪೋಣಿಸಿ ಫೈಟೊಕೆಲೇಟಿನ್ ಅನ್ನೋ ಸಣ್ಣ ಸರ ಕಟ್ಟುತ್ತೆ, ಅದರಲ್ಲಿರೋ ಗಂಧಕ ಲೋಹನ ಗಟ್ಟಿಯಾಗಿ ಹಿಡ್ಕೊಳುತ್ತೆ, ಆಮೇಲೆ ಬೇರೆ ಜೀನ್‌ಗಳು ಮಾಡಿಟ್ಟಿರೋ ಪಂಪುಗಳು ಅದನ್ನ ಜೀವಕೋಶದ ರಸದಾನಿಗೆ (ಕೋಶದೊಳಗಿನ ಚೀಲ, ವ್ಯಾಕ್ಯುವೋಲ್ ಅಂತ ಹೈಸ್ಕೂಲಲ್ಲಿ ಓದಿದ್ವಲ್ಲ ಅದೇ) ತಳ್ಳಿ ಬೀಗ ಹಾಕ್ತವೆ. ಸಾಸಿವೆ ಕುಟುಂಬದ್ದೇ ಅರಾಬಿಡಾಪ್ಸಿಸ್ ಅಂತ ಪುಟ್ಟ ಗಿಡ ಇದೆಯಂತೆ, ಅದರಲ್ಲಿ ಈ ಪಿಸಿಎಸ್ ಜೀನ್ ಕೆಟ್ಟಿದ್ರೆ ಸ್ವಲ್ಪ ಕ್ಯಾಡ್ಮಿಯಂಗೇ ಸೊರಗಿ ಹೋಗುತ್ತೆ. ಅಂದ್ರೆ ಗಿಡ ವಿಷನ ಹೊರಗೆ ಹಾಕಿಲ್ಲ, ತನಗೆ ತೊಂದ್ರೆ ಆಗದ ಜಾಗದಲ್ಲಿ ಮುಚ್ಚಿಟ್ಟಿದೆ, ಆ ಜಾಗ ಎಲೇಲಿದ್ರೆ ನಾವು ಅದನ್ನೇ ತಿಂತೀವಿ. ಇದು ಕೇಳಿ ನಂಗೆ ಮಗು ತಟ್ಟೆನೇ ಕಣ್ಮುಂದೆ ಬಂತು.

ಎಲ್ಲಿ ಮುಚ್ಚಿಡುತ್ತೆ ಅನ್ನೋದೂ ಜೀನ್ ಕೈಲೇ ಇದೆ. ಭತ್ತದಲ್ಲಿ ಎಚ್‌ಎಂಎ3 ಜೀನ್ ಸರಿಯಿದ್ರೆ ಕ್ಯಾಡ್ಮಿಯಂ ಬೇರಲ್ಲೇ ಉಳಿಯುತ್ತೆ, ಕೆಟ್ಟಿರೋ ತಳೀಲಿ ಕಾಳಿಗೆ ಹತ್ತುತ್ತೆ. ಜಪಾನಲ್ಲಿ ಕ್ಯಾಡ್ಮಿಯಂ ಅಕ್ಕಿ ತಿಂದು ಮೂಳೆ ಸವೆದು ಇಟಾಯ್ ಇಟಾಯ್ ಕಾಯಿಲೆ ಬಂದಿತ್ತು, ಅದೇ ದೇಶದವ್ರು 2012ರಲ್ಲಿ ಕೊಶಿಹಿಕಾರಿ ತಳೀಲಿ ಎನ್‌ರ‍್ಯಾಂಪ್5 ಅನ್ನೋ ಬಾಗಿಲಿನ ಜೀನ್ ಕೆಡಿಸಿ ಕಾಳಲ್ಲಿ ಕ್ಯಾಡ್ಮಿಯಂ ಹೆಚ್ಚುಕಮ್ಮಿ ಇಲ್ಲದ ಭತ್ತ ತೋರಿಸಿದ್ರು. ನಮ್ಮ ಸೊಪ್ಪಿಗೂ ಇಂಥ ಕೆಲ್ಸ ಆಗ್ಬೇಕು ಅಂತ ನಂಗೆ ತುಂಬಾ ಅನ್ಸುತ್ತೆ.

ಈಗ ಸರ್ವಿಸ್ ಬಗ್ಗೆ. ಒಂದೇ ಸೊಪ್ಪನ್ನ ತೊಳೆದು ಒಂದ್ಸಲ, ತೊಳೀದೆ ಒಂದ್ಸಲ ಮಾಡಿ ಅಂತ ಅವ್ರೇ ಹೇಳಿದ್ರು, ತುಂಬಾ ಒಳ್ಳೇ ಸಲಹೆ. ಸೀಸ ಗಿಡದೊಳಗೆ ಹೋಗೋದು ಕಮ್ಮಿ, ಎಲೆ ಮೇಲಿನ ಧೂಳು ಮಣ್ಣಲ್ಲೇ ಜಾಸ್ತಿ, ನಮ್ದೂ ತೊಳೆದ ಮೇಲೆ ಅರ್ಧಕ್ಕಿಂತ ಕೆಳಗೆ ಇಳೀತು. ಕ್ಯಾಡ್ಮಿಯಂ ಮಾತ್ರ ಹಂಗೇ ಇತ್ತು, ಅದು ಒಳಗಿರೋದು, ಉಪ್ಪುನೀರಲ್ಲಿ ನೆನೆಸಿದ್ರೂ ಹೋಗಲ್ಲ.

ಒಂದು ಸ್ಟಾರ್ ಕಟ್ ಮಾಡಿದ್ದು ರಿಪೋರ್ಟ್‌ಗೆ. ಹತ್ತು ದಿನ ಅಂದವ್ರು ಹತ್ತೊಂಬತ್ತು ದಿನ ಮಾಡಿದ್ರು, ಫೋನ್ ಎತ್ತಲಿಲ್ಲ, ಸಾಲದ್ದಕ್ಕೆ ಪಾಲಕ್ಕಲ್ಲಿ ಕ್ಯಾಡ್ಮಿಯಂ ಕೆಜಿಗೆ 3.1 ಮಿಲಿಗ್ರಾಂ ಅಂತ ಬರೀ ನಂಬರ್ ಕೊಟ್ಟಿದ್ರು. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಸೊಪ್ಪಿಗೆ ಕೆಜಿಗೆ 0.2 ಮಿಲಿಗ್ರಾಂ, ನೋಡಿ ಕೈಕಾಲು ತಣ್ಣಗಾಯ್ತು. ಮತ್ತೆ ಹೋಗಿ ಕೇಳಿದ್ರೆ ಅದು ಒಣಗಿಸಿದ ಸೊಪ್ಪಿನ ಲೆಕ್ಕ, ಮಿತಿ ಇರೋದು ಹಸಿ ಸೊಪ್ಪಿಗೆ, ನಮ್ಮ ಪಾಲಕ್ಕಲ್ಲಿ ನೂರಕ್ಕೆ 91 ಭಾಗ ನೀರು, ಹಂಗಾಗಿ 0.28 ಆಗುತ್ತೆ. ಆದ್ರೂ ಮಿತಿ ಮೀರಿದೆ. ಇಷ್ಟನ್ನ ರಿಪೋರ್ಟಲ್ಲೇ ಒಂದು ಸಾಲು ಬರ್ದಿದ್ರೆ ಒಂದು ರಾತ್ರಿ ನಿದ್ದೆ ಉಳೀತಿತ್ತು.

ಪಾಲಕ್ಕು ದಂಟು ಕಿತ್ತು ಹಾಕಿದೀವಿ, ಮಾರಲಿಲ್ಲ. ನಮ್ಮ ಮಣ್ಣು ಹುಳಿ ಇದ್ದಿದ್ರಿಂದ ಅವ್ರು ಹೇಳಿದಂಗೆ ಸುಣ್ಣ ಹಾಕಿದೀವಿ, ಹುಳಿ ಕಮ್ಮಿಯಾದ್ರೆ ಕ್ಯಾಡ್ಮಿಯಂ ಬೇರಿಗೆ ಸಿಗೋದೂ ಕಮ್ಮಿಯಾಗುತ್ತಂತೆ. ಈಗ ಬೀನ್ಸ್ ಇದೆ, ಕಾಯಿಗೆ ಎಲೆಯಷ್ಟು ಲೋಹ ಹತ್ತಲ್ಲ, ಮೊದಲ ಕೊಯ್ಲಿನ ಸ್ಯಾಂಪಲ್ ಸೋಮವಾರ ಇಲ್ಲಿಗೇ ಕೊಡ್ತೀನಿ, ಹಸಿ ತೂಕದ ಲೆಕ್ಕದಲ್ಲೇ ರಿಪೋರ್ಟ್ ಕೊಡಿ ಅಂತ ಫಾರಂ ಮೇಲೆ ಬರ್ದೇ ಕೊಡ್ತೀನಿ.